ಐದು ಹುಕ್ಕು ಕೊಟ್ಟ ಮೇಲೆ

ನಮ್ಮೂರಿನಲ್ಲಿ ಸಿನಿಮಾ ಪ್ಲೇಯರ್ ಕೊಳ್ಳಬೇಕೆನ್ನುವವರು ಮೊದಲು ನನ್ನ ಅಂಗಡಿಗೆ ಬಂದು, ಆಮೇಲೆ ಪ್ಲೇಯರ್ ಅಂಗಡಿಗೆ ಹೋಗುತ್ತಾರೆ. ನನ್ನದು ಸೀರೆಗೆ ಫಾಲ್ ಹಚ್ಚುವ, ರವಿಕೆಗೆ ಹುಕ್ಕು ಕೂರಿಸುವ ಸಣ್ಣ ಅಂಗಡಿ. ಆದರೆ ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ ತೂಗುಹಾಕಿದ್ದೇನೆ. ಪ್ರತಿ ಶುಕ್ರವಾರ ಅದರ ಮೇಲೆ, ಆ ವಾರ ಊರಿಗೆ ಬಂದ ಯಂತ್ರ ಯಾವುದು, ಫೋನಿಗೆ ಬಂದ ಹೊಸ ಸಾಫ್ಟ್‌ವೇರ್ ಹೇಗಿದೆ, ಮನೆಯಲ್ಲಿ ನೋಡಲು ಬಿಟ್ಟ ಸಿನಿಮಾ ಡಿಸ್ಕುಗಳಲ್ಲಿ ಯಾವುದು ಕಾಸಿಗೆ ತಕ್ಕದ್ದು, ಎಲ್ಲ ಬರೆಯುತ್ತೇನೆ. ಓದಿದ್ದು ಏಳನೇ ಕ್ಲಾಸು. ಉಳಿದದ್ದನ್ನೆಲ್ಲ ಸ್ಕ್ರೂಡ್ರೈವರ್ ಕಲಿಸಿತು.

ರವಿಕೆಗೆ ಐದು ಹುಕ್ಕು. ನನ್ನ ಅಭಿಪ್ರಾಯಕ್ಕೂ ಐದೇ. ಐದಕ್ಕೆ ಐದು ಬಿದ್ದರೆ ಭದ್ರ, ಎರಡು ಬಿದ್ದರೆ ಮೈಮೇಲೆ ನಿಲ್ಲುವುದಿಲ್ಲ ಎಂದು ಊರಿಗೆಲ್ಲ ಅರ್ಥವಾಗುತ್ತದೆ. ಒಮ್ಮೆ ಒಂದು ಫೋನಿನ ಬಗ್ಗೆ ಹೀಗೆ ಬರೆದಿದ್ದೆ: "ಇದರ ಬ್ಯಾಟರಿ ಮದುವೆ ಮನೆ ನೆಂಟರ ಹಾಗೆ. ಬರುವಾಗ ಜೋರು, ಊಟವಾದ ಮೇಲೆ ಹುಡುಕಿದರೂ ಇಲ್ಲ. ಎರಡು ಹುಕ್ಕು." ಇನ್ನೊಮ್ಮೆ ಎರಡು ಡಿಸ್ಕಿನ ವಿಶೇಷ ಆವೃತ್ತಿಯೊಂದಕ್ಕೆ: "ಡಬ್ಬಿಯ ಮೇಲಿನ ಬಣ್ಣ ಸಿನಿಮಾದ ಒಳಗಿಲ್ಲ. ಕತ್ತಲ ದೃಶ್ಯಗಳು ಬೂದಿ ಬಳಿದಂತಿವೆ. ಎರಡನೇ ಡಿಸ್ಕಿನಲ್ಲಿ ನಿರ್ಮಾಪಕರು ಊರಿನವರಿಗೆಲ್ಲ ವಂದನೆ ಹೇಳುತ್ತಾರೆ, ಬೇರೇನೂ ಇಲ್ಲ. ಒಂದೂವರೆ ಹುಕ್ಕು." ಜನ ನಿಂತು ಓದುತ್ತಿದ್ದರು, ನಗುತ್ತಿದ್ದರು, ಜಗಳಕ್ಕೂ ಬರುತ್ತಿದ್ದರು. ಜಗಳಕ್ಕೆ ಬಂದವರನ್ನು ಸ್ಟೂಲು ಹಾಕಿ ಕೂರಿಸುತ್ತಿದ್ದೆ. ಜನರ ಮಾತು ಕೇಳುವುದೆಂದರೆ ನನಗೆ ಇಷ್ಟ. ಅಥವಾ ಹಾಗೆಂದು ನಾನು ತಿಳಿದಿದ್ದೆ.

ಪ್ಲೇಯರ್ ವಿಷಯಕ್ಕೆ ಬಂದರೆ ಜನ ಮೊದಲು ಕೇಳುತ್ತಿದ್ದುದು ಚಿತ್ರದ ಬಗ್ಗೆಯಲ್ಲ. "ಅಂಬುಜಕ್ಕ, ಇದು ದನಿ ಹಿಡಿಯೋಕೆ ಎಷ್ಟು ವಾರ ತಗೊಳುತ್ತೆ?" ಎಂದು. ಮನೆಯವರ ಮಾತು ಕೇಳಿ ಕೇಳಿ ಕೆಲವು ಏಳು ವಾರಕ್ಕೆ ಅವರ ದನಿ ಹಿಡಿಯುತ್ತವೆ, ಕೆಲವು ಹನ್ನೊಂದಕ್ಕೆ. ಅಲ್ಲಿಯವರೆಗೆ ಸಿನಿಮಾದವರು ತಮ್ಮ ದನಿಯಲ್ಲೇ ಮಾತನಾಡುತ್ತಾರೆ. ಆಮೇಲೆ ಒಂದು ದಿನ ನಾಯಕ ಬಾಯಿ ತೆರೆದರೆ ನಿಮ್ಮ ಚಿಕ್ಕಪ್ಪ. ಯಾವ ಪಾತ್ರಕ್ಕೆ ಮನೆಯವರಲ್ಲಿ ಯಾರ ದನಿ ಎಂಬುದನ್ನು ಯಂತ್ರವೇ ನಿರ್ಧರಿಸುತ್ತದೆ. ಅದರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಹಿಟ್ಟಿನ ಗಿರಣಿಯವರ ಮನೆಯಲ್ಲಿ ಖಳನಾಯಕನ ಮಾತೆಲ್ಲ ಅಜ್ಜಿಯದು. ಮೇಷ್ಟರ ಮನೆಯಲ್ಲಿ ನಾಯಕಿ ಮೇಷ್ಟರ ದನಿಯಲ್ಲಿ ನಾಚಿಕೊಳ್ಳುತ್ತಾಳೆ, ಅವರ ಹೆಂಡತಿ ಇನ್ಸ್‌ಪೆಕ್ಟರು. ಮನೆಯಲ್ಲಿ ಯಾರಿಗಾದರೂ ನೆಗಡಿಯಾದರೆ ಆ ವಾರ ಸಿನಿಮಾಕ್ಕೂ ನೆಗಡಿ. ನಾವು ಹುಟ್ಟಿದಾಗಿನಿಂದ ಹೀಗೇ ನೋಡಿಕೊಂಡು ಬಂದವರು. ಪರವೂರಿಗೆ ಹೋದಾಗ ಅಲ್ಲಿ ನಾಯಕ ಯಾರೋ ಗುರುತಿಲ್ಲದವನ ಹಾಗೆ ಮಾತನಾಡಿದರೆ ನಮಗೆ ಸಂಕೋಚವಾಗುತ್ತದೆ.

ಅದಕ್ಕೇ ಇಲ್ಲಿ ಹೆಣ್ಣು ಕೊಡುವವರು ಜಾತಕಕ್ಕಿಂತ ಮೊದಲು ಗಂಡಿನ ಮನೆಯ ಪ್ಲೇಯರ್ ಕೇಳುತ್ತಾರೆ. ಸಂಬಂಧ ಕುದುರಿಸುವ ಪುಟ್ಟರಂಗಣ್ಣ ಎಲ್ಲೇ ಹೋದರೂ ಬಗಲ ಚೀಲದಲ್ಲಿ ಒಂದೇ ಡಿಸ್ಕು ಇರುತ್ತದೆ. ನಾವು ಅದನ್ನು ಬಸ್ಸಿನ ಸಿನಿಮಾ ಅನ್ನುತ್ತೇವೆ. ಮೊದಲಿಂದ ಕೊನೆಯವರೆಗೆ ಒಂದೇ ಬಸ್ಸಿನೊಳಗೆ ನಡೆಯುವ ಕಥೆ. ಡ್ರೈವರು ನಾಯಕ, ಟಿಫಿನ್ ಕ್ಯಾರಿಯರ್ ಹಿಡಿದು ಹತ್ತುವವಳು ನಾಯಕಿ, ಟ್ರಂಕು ಕದಿಯುವ ಮೀಸೆಯವನು ಖಳ, ಬಾಯಿ ಬಡುಕ ಕಂಡಕ್ಟರು, ಕೊನೆಯಲ್ಲಿ ಎದ್ದು ನಿಂತು ಕಳ್ಳನ ನೀರಿಳಿಸುವ ವಕೀಲೆ, ಜೊತೆಗೆ ಮೂವತ್ತು ನಲವತ್ತು ಪ್ರಯಾಣಿಕರು. ಒಂದು ಮನೆಯ ಎಷ್ಟು ದನಿಗಳಿದ್ದರೂ ಆ ಬಸ್ಸಿನಲ್ಲಿ ಜಾಗವಿದೆ. ಎರಡೂವರೆ ಗಂಟೆ ಕೂತು ಕೇಳಿದರೆ ಆ ಮನೆಯಲ್ಲಿ ಯಾರು ಗದರುತ್ತಾರೆ, ಯಾರು ನಗಿಸುತ್ತಾರೆ, ಯಾರು ಯಾರಿಗೆ ಹೆದರುತ್ತಾರೆ ಎಲ್ಲ ಗೊತ್ತಾಗಿಬಿಡುತ್ತದೆ. ಖಳನ ದನಿ ಹುಡುಗನದಾಗಿದ್ದರೆ ಪುಟ್ಟರಂಗಣ್ಣ ಡಿಸ್ಕು ತೆಗೆದು ಚೀಲಕ್ಕೆ ಹಾಕಿಕೊಂಡು, ಕಾಫಿಯನ್ನೂ ಕುಡಿಯದೆ ಏಳುತ್ತಾನೆ.

ಮಂದಾರ ನನ್ನ ಅಣ್ಣನ ಮಗಳು. ಅಣ್ಣ ಅತ್ತಿಗೆ ಇಬ್ಬರೂ ಹೋದಾಗ ಅವಳಿಗೆ ನಾಲ್ಕು ವರ್ಷ. ಅಂದಿನಿಂದ ನನ್ನ ಜೊತೆಗೇ ಬೆಳೆದಳು. ಅಂಗಡಿಯ ಹಿಂದೆಯೇ ಮನೆ, ಎರಡು ಕೋಣೆ, ನಾವಿಬ್ಬರೇ. ನನಗೆ ಮಾತು ಹೆಚ್ಚು, ಅವಳಿಗೆ ಕಡಿಮೆ, ಹಾಗಾಗಿ ಸರಿಹೋಯಿತು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಈ ವರ್ಷ ಅವಳಿಗೆ ಇಪ್ಪತ್ತನಾಲ್ಕಾಯಿತು. ಕಣ್ಣು ಚೆನ್ನಾಗಿಯೇ ಇರುವ ಹುಡುಗಿ ಮೂರು ಸಲ ಕನ್ನಡಕದ ಅಂಗಡಿಗೆ ಹೋಗಿ ಬಂದಾಗ ನನಗೆ ವಾಸನೆ ಹತ್ತಿತು. ಅಂಗಡಿ ರಂಗಸ್ವಾಮಯ್ಯನವರದು. ಮಗ ಮುಕುಂದ ಗಾಜು ಉಜ್ಜಿ ಕೂರಿಸುತ್ತಾನೆ.

"ಪುಟ್ಟಿ, ಆ ಮುಕುಂದನ್ನ ಕೇಳಿಸ್ಲಾ?" ಅಂದೆ.

"ಹೂಂ," ಅಂದಳು.

"ಒಳ್ಳೇ ಹುಡುಗ ಅಲ್ವಾ? ಮನೇನೂ ಹತ್ರ. ಅವರಮ್ಮ ವಿಶಾಲಮ್ಮ ಸ್ವಲ್ಪ ಖಾರ, ಇರ್ಲಿ ಬಿಡು, ನೀನು ಸಂಭಾಳಿಸ್ತೀಯ. ಇಲ್ಲಾಂದ್ರೆ ಐಸ್ ಫ್ಯಾಕ್ಟರಿಯವರು ಇದ್ದೇ ಇದಾರೆ, ಪುಟ್ಟರಂಗಣ್ಣ ಆವಾಗಿಂದ ಹೇಳ್ತಿದಾನೆ. ಇದು ಆಗ್ಲಿಲ್ಲ ಅಂದ್ರೆ ಅದು. ಏನಂತೀಯ?"

"ಹೂಂ."

ಅವಳು ಎಲ್ಲಕ್ಕೂ ಹೂಂ ಅನ್ನುವವಳೇ. ನಾನು ಆ ವಾರವೇ ಪುಟ್ಟರಂಗಣ್ಣನಿಗೆ ಹೇಳಿ ಕಳಿಸಿದೆ.

ಅದೇ ವಾರ ಊರಿಗೆ ಶುದ್ಧಧ್ವನಿ ಬಂತು. ಯಾವುದೋ ದೂರದ ಕಂಪನಿಯವರ ಸಾಫ್ಟ್‌ವೇರು. ಯಾವ ಪ್ಲೇಯರಿಗಾದರೂ ಹಾಕಬಹುದು, ಹಾಕಿದರೆ ಹಿಡಿದ ದನಿಯೆಲ್ಲ ಬಿಟ್ಟು ಸಿನಿಮಾ ತನ್ನ ಸ್ವಂತ ದನಿಯಲ್ಲಿ ಓಡುತ್ತದೆ, ಮುಂದೆಂದೂ ಹಿಡಿಯುವುದಿಲ್ಲ ಎಂದು ಚೀಟಿಯಲ್ಲಿತ್ತು. ನಾನು ಬುಧವಾರ ಹಾಕಿ ನೋಡಿದೆ. ನಲವತ್ತು ಸಲ ನೋಡಿದ ಬಸ್ಸಿನ ಸಿನಿಮಾವನ್ನು ಮೊದಲ ಸಲ ಕೇಳಿದ ಹಾಗಾಯಿತು. ಮೀಸೆಯವನದು ಎಂಥ ದನಿ! ತಂಬಿಗೆಯೊಳಗೆ ಗುಡುಗಿದ ಹಾಗೆ. ಚಿತ್ರವೂ ಸುಧಾರಿಸಿತ್ತು. ಕಪ್ಪು ಕಪ್ಪಾಗಿಯೇ ಇತ್ತು, ಟಿಫಿನ್ ಕ್ಯಾರಿಯರಿನ ಮೇಲೆ ಕೊರೆದ ಹೆಸರು ಕೂಡ ಓದಲು ಬರುತ್ತಿತ್ತು. ಶುಕ್ರವಾರ ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. "ಹದಿನಾರು ವರ್ಷದಲ್ಲಿ ಮೊದಲ ಸಲ: ಐದು ಹುಕ್ಕು. ಕಣ್ಣು ಮುಚ್ಚಿ ಹಾಕಿಸಿಕೊಳ್ಳಿ."

ಭಾನುವಾರ ಬೆಳಿಗ್ಗೆ ನಾನು, ಮಂದಾರ, ಪುಟ್ಟರಂಗಣ್ಣ ಕನ್ನಡಕದವರ ಮನೆಗೆ ಹೋದೆವು. ರಂಗಸ್ವಾಮಯ್ಯ ಬಾಗಿಲಲ್ಲೇ ನಿಂತಿದ್ದರು. ವಿಶಾಲಮ್ಮ ಚಕ್ಕುಲಿ ತಂದಿಟ್ಟರು. ಮುಕುಂದ ಒಂದು ಮೂಲೆಯಲ್ಲಿ ನಿಂತು ತನ್ನ ಕನ್ನಡಕವನ್ನೇ ಒರೆಸುತ್ತಿದ್ದ. ಪುಟ್ಟರಂಗಣ್ಣ ಡಿಸ್ಕು ಹಾಕಿ, ಕಿವಿ ಮುಂದೆ ಮಾಡಿ, ಕಣ್ಣು ಮುಚ್ಚಿ ಕೂತ. ಅವನು ಯಾವಾಗಲೂ ಹಾಗೇ ಕೇಳುವುದು.

ಬಸ್ಸು ಹೊರಟಿತು. ಡ್ರೈವರು ಮಾತನಾಡಿದ. ಗುರುತಿಲ್ಲದ ದನಿ. ನಾಯಕಿ ಮಾತನಾಡಿದಳು. ಅದೂ ಗುರುತಿಲ್ಲದ್ದು. ಪುಟ್ಟರಂಗಣ್ಣ ಒಂದು ಕಣ್ಣು ತೆರೆದ. ಮೀಸೆಯವನು ಬಂದು ತಂಬಿಗೆಯೊಳಗಿನ ಗುಡುಗಿನಂತೆ ಗುಡುಗಿದಾಗ ಎರಡೂ ಕಣ್ಣು ತೆರೆದ.

"ಯಾರ್ರೀ ಇವನು? ನಿಮ್ಮ ಮನೇಲಿ ಇಂಥವನು ಯಾರೂ ಇಲ್ವಲ್ಲ?"

ರಂಗಸ್ವಾಮಯ್ಯನವರ ಮುಖ ಅರಳಿತು. "ಹೇಗಿದೆ? ನೆನ್ನೆ ಸಂಜೆ ಹಾಕಿಸ್ದೆ. ಬೀಗರು ಬರ್ತಾರೆ, ಮನೇಲಿ ಹಳೇ ದನಿಗಳು ಯಾಕೆ ಅಂತ. ಅಂಬುಜಕ್ಕನೇ ಐದು ಹುಕ್ಕು ಕೊಟ್ಟಿದಾರೆ!"

ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಸುವ ಹಾಗೆ ಯಂತ್ರಕ್ಕೂ ಬಳಿಸಿಬಿಟ್ಟಿದ್ದರು. ನನ್ನ ಕೈಯಲ್ಲಿದ್ದ ಚಕ್ಕುಲಿ ಕೈಯಲ್ಲೇ ಉಳಿಯಿತು.

"ಇದೊಳ್ಳೇ ಕಥೆ ಆಯ್ತಲ್ಲ," ಅಂದ ಪುಟ್ಟರಂಗಣ್ಣ. "ಸಾರಿನ ರುಚಿ ನೋಡೋಕೆ ಬಂದೋನಿಗೆ ಪಾತ್ರೆ ತೊಳೆದು ಕೊಟ್ಟ ಹಾಗೆ. ಸ್ವಾಮಿ, ಮುಚ್ಚಿಡೋ ಅಂಥದ್ದು ಏನಾದ್ರೂ ಇತ್ತಾ?"

ವಿಶಾಲಮ್ಮ ಎದ್ದು ನಿಂತರು. "ಏನು ಮುಚ್ಚಿಡ್ತೀವಿ ಪುಟ್ಟರಂಗಣ್ಣ? ನಮ್ಮನೇಲಿ ಮೀಸೆಯವನು ನಾನೇ. ಬೀದಿಗೆಲ್ಲ ಗೊತ್ತು. ನನ್ನ ಮಗ ಕಂಡಕ್ಟರು, ನಮ್ಮ ಯಜಮಾನ್ರು ನಾಯಕಿ. ಹನ್ನೆರಡು ವರ್ಷದಿಂದ ಹೀಗೇ. ತೊಳೆದು ಹಾಕಿದ್ದು ಇವರ ಹಲಗೆ ನೋಡಿ."

"ಬಾಯಲ್ಲಿ ಹೇಳಿದ್ರೆ ಆಯ್ತೇನಮ್ಮಾ? ಕಿವೀಲಿ ಕೇಳ್ಬೇಕು. ಕೇಳದೆ ನಾನು ಯಾವ ಸಂಬಂಧಾನೂ ಮಾಡ್ಸಿಲ್ಲ, ಮಾಡ್ಸೋದೂ ಇಲ್ಲ." ಪುಟ್ಟರಂಗಣ್ಣ ನನ್ನ ಕಡೆ ತಿರುಗಿದ. "ಏಳಿ ಅಕ್ಕ. ಐಸ್ ಫ್ಯಾಕ್ಟರಿಯವರು ಸಂಜೆ ಮನೇಲೇ ಇರ್ತಾರೆ."

ಮಂದಾರ ತಲೆ ಬಗ್ಗಿಸಿ ಸೆರಗಿನ ಅಂಚು ಮಡಚುತ್ತಿದ್ದಳು. ಮಡಚಿ ಬಿಚ್ಚಿ, ಮಡಚಿ ಬಿಚ್ಚಿ. ನನ್ನ ಐದು ಹುಕ್ಕಿನಿಂದ ಈ ಹುಡುಗಿಯ ಸಂಬಂಧ ಕಳಚಿ ಬೀಳುತ್ತಿತ್ತು. ಹಳೆಯ ಸಾಫ್ಟ್‌ವೇರ್ ನನ್ನ ಪೆನ್‌ಡ್ರೈವಿನಲ್ಲಿದೆ, ಮತ್ತೆ ಹಾಕಬಹುದು ಎಂದೆ. ಆದರೆ ಅಳಿದ ದನಿ ಮರಳುವುದಿಲ್ಲ. ಈ ಮಾದರಿ ಮತ್ತೆ ಹಿಡಿಯಬೇಕಾದರೆ ಹನ್ನೊಂದು ವಾರ.

"ಸರಿ ಹಾಗಿದ್ರೆ," ಅಂದರು ವಿಶಾಲಮ್ಮ. "ನಮ್ಮನೇದು ತೊಳೆದುಹೋಯ್ತು. ನಿಮ್ಮನೇದು ಕೇಳೋಣ."

"ಹೆಣ್ಣಿನ ಮನೇದು ಕೇಳೋ ಪದ್ಧತಿ ಇಲ್ಲವಲ್ಲಮ್ಮ," ಅಂದ ಪುಟ್ಟರಂಗಣ್ಣ.

"ಗಂಡಿನ ಮನೇದು ತೊಳೆಯೋ ಪದ್ಧತೀನೂ ಇರ್ಲಿಲ್ಲ. ಆಯ್ತೋ ಇಲ್ವೋ? ನಡೀರಿ, ಎರಡು ಬೀದಿ ದಾಟಿದ್ರೆ ಸಿಗುತ್ತೆ."

ನನ್ನ ಮನೆಯ ಪ್ಲೇಯರು ಕೇಳಿದರೆ ಏನೂ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಭಿಪ್ರಾಯ ಬರೆಯುವವಳಲ್ಲವೇ, ಎರಡು ತಿಂಗಳಿಗೊಂದು ಯಂತ್ರ ತರುತ್ತೇನೆ, ಬದಲಾಯಿಸುತ್ತೇನೆ. ದನಿ ಹಿಡಿಯಿತು ಅನ್ನುವಷ್ಟರಲ್ಲಿ ಅದು ಇನ್ನೊಬ್ಬರ ಮನೆಗೆ ಹೋಗಿರುತ್ತದೆ. ದಾರಿಯಲ್ಲಿ ಇದನ್ನೇ ಯೋಚಿಸುತ್ತಿದ್ದವಳಿಗೆ ತಟ್ಟನೆ ಕಪ್ಪೆ ನೆನಪಾಯಿತು.

ಕಪ್ಪೆ ಅಂದರೆ ಹಸಿರು ಬಣ್ಣದ, ಮುಂದೆ ಎರಡು ಉಬ್ಬು ಗುಂಡಿಗಳಿರುವ ಒಂದು ಪ್ಲೇಯರು. ಆರು ವರ್ಷದ ಹಿಂದೆ ತಂದಿದ್ದೆ. ಎರಡು ತಿಂಗಳಾದರೂ ಒಂದು ಅಕ್ಷರ ದನಿ ಹಿಡಿಯಲಿಲ್ಲ. "ಕಿವುಡು ಯಂತ್ರ. ಅರ್ಧ ಹುಕ್ಕು, ಅದೂ ಬಣ್ಣಕ್ಕೆ" ಎಂದು ಬರೆದು ಅಟ್ಟದ ಮೇಲೆ ಎಸೆದಿದ್ದೆ. ಮಂದಾರ ಇಳಿಸಿಕೊಂಡು ತನ್ನ ಕೋಣೆಯಲ್ಲಿಟ್ಟುಕೊಂಡಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುತ್ತಾಳೆ. ಆಮೇಲೆ ನಾನು ಅದರ ಸದ್ದು ಕೇಳಿದ್ದೇ ಇಲ್ಲ. ಆರು ವರ್ಷವಾಗಿದೆ, ಕಿವುಡಾದರೂ ಅಷ್ಟೋ ಇಷ್ಟೋ ಹಿಡಿದಿರಬೇಕಲ್ಲ!

"ಇದೆ ಇದೆ, ನಮ್ಮನೇಲೂ ಹಳೇದೊಂದಿದೆ," ಎಂದು ಗೆದ್ದವಳ ಹಾಗೆ ಕೂಗಿದೆ. "ಪುಟ್ಟಿ ಹತ್ರ ಕಪ್ಪೆ ಇದೆಯಲ್ಲ!"

ಮಂದಾರ ಬೀದಿಯಲ್ಲೇ ನಿಂತಳು. "ಅತ್ತೆ, ಅದು ಬೇಡ."

"ಸುಮ್ನಿರೇ, ನಮ್ಮನೇಲಿ ಏನಿದೆ ಮುಚ್ಚಿಡೋಕೆ? ನೀನು, ನಾನು."

"ಅತ್ತೆ, ನಾನು ಹೇಳೋದು..."

"ನೀನೇನು ಹೇಳೋದೂ ಬೇಡ, ನಾನು ನೋಡ್ಕೋತೀನಿ. ಬನ್ನಿ ವಿಶಾಲಮ್ಮ, ಹೊಸಲು ನೋಡ್ಕೊಂಡು ಬನ್ನಿ."

ಕಪ್ಪೆಯನ್ನು ನಡುಮನೆಗೆ ತಂದು, ಇಯರ್‌ಫೋನ್ ಕಿತ್ತು, ಸದ್ದು ಏರಿಸಿದೆ. ಪುಟ್ಟರಂಗಣ್ಣ ಕಣ್ಣು ಮುಚ್ಚಿದ. ಬಸ್ಸು ಹೊರಟಿತು. ಡ್ರೈವರು ಗೇರು ಹಾಕಿ ಬಾಯಿ ತೆರೆದ. ಬಂದದ್ದು ನನ್ನ ದನಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಯಕನ ಪಾತ್ರ ನನ್ನದು ಎಂದು ಒಳಗೊಳಗೆ ಹೆಮ್ಮೆಯೂ ಆಯಿತು. ಟಿಫಿನ್ ಕ್ಯಾರಿಯರಿನವಳು ಹತ್ತಿ "ಇಲ್ಲಿ ಜಾಗ ಇದೆಯಾ?" ಅಂದಳು. ಅದೂ ನನ್ನ ದನಿ. ಸೀಟು ಬಿಟ್ಟುಕೊಟ್ಟ ಮುದುಕ, ನಾನು. ಕೋಳಿ ಹಿಡಿದು ಕೂತವಳು, ನಾನು. ಮೀಸೆಯವನು ನನ್ನ ದನಿಯಲ್ಲಿ ಬೆದರಿಸಿದ. ಟ್ರಂಕು ಕಳೆದುಕೊಂಡವಳು ನನ್ನ ದನಿಯಲ್ಲಿ ಅತ್ತಳು. ಅವಳನ್ನು ಸಮಾಧಾನ ಮಾಡಿದವಳೂ ನಾನೇ. ಇಡೀ ಬಸ್ಸಿನ ತುಂಬ ನಾನು ಕೂತು ನನ್ನ ಜೊತೆ ನಾನೇ ಮಾತನಾಡುತ್ತಿದ್ದೆ. ನಗು ಒಂದೊಂದಾಗಿ ನಿಂತಿತು. ಪುಟ್ಟರಂಗಣ್ಣ ಹುಬ್ಬು ಗಂಟಿಕ್ಕಿ ಇನ್ನೂ ಹತ್ತಿರ ಬಾಗಿ, ಹುಡುಗಿಯ ದನಿಗಾಗಿ ಕಾಯುತ್ತಿದ್ದ. ನಾನೂ ಕಾಯುತ್ತಿದ್ದೆ.

ಒಂದು ಗಂಟೆ ಕಳೆದ ಮೇಲೆ ಬಂತು. ಕಿಟಕಿಯ ಪಕ್ಕ ಒಬ್ಬ ಹುಡುಗಿ ಹೊರಗೆ ನೋಡುತ್ತ ಕೂತಿರುತ್ತಾಳೆ. ಅಂಥವಳೊಬ್ಬಳು ಆ ಸಿನಿಮಾದಲ್ಲಿದ್ದಾಳೆಂದು ಅಲ್ಲಿಯವರೆಗೆ ನಾನು ಗಮನಿಸಿಯೇ ಇರಲಿಲ್ಲ. ಕಂಡಕ್ಟರು ಬಂದು ನನ್ನ ದನಿಯಲ್ಲಿ ಕೇಳಿದ: "ಎಲ್ಲಿ ಇಳೀಬೇಕು ಅಂತ ಗೊತ್ತೇನಮ್ಮ ನಿಂಗೆ?"

"ಹೂಂ," ಅಂದಳು ಮಂದಾರ.

ಅಷ್ಟೇ. ಎರಡೂವರೆ ಗಂಟೆಯಲ್ಲಿ ಅವಳಿಗೆ ಸಿಕ್ಕಿದ್ದು ಅಷ್ಟೇ. ಕಂಡಕ್ಟರು ಮುಂದಿನ ಸೀಟಿಗೆ ಹೋಗಿ ನನ್ನ ಜೊತೆ ನನ್ನ ದನಿಯಲ್ಲಿ ಚಿಲ್ಲರೆಗೆ ಜಗಳ ಶುರು ಮಾಡಿದ.

ಯಾರೂ ಎದ್ದುಹೋಗಲಿಲ್ಲ. ಕೊನೆಯವರೆಗೂ ಕೇಳಿದೆವು. ವಕೀಲೆ ಎದ್ದು ನಿಂತು ಎರಡು ಪುಟ ವಾದಿಸಿದಳು, ಅದೂ ನಾನೇ. ಸಿನಿಮಾ ಮುಗಿದ ಮೇಲೆ ಕಪ್ಪೆಯ ಗುಂಡಿ ಒತ್ತಿ ನಿಲ್ಲಿಸಿದೆ.

"ಎಷ್ಟು ದಿನದಿಂದ ಹೀಗಿದೆ ಪುಟ್ಟಿ?" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ನಾಲ್ಕು ವರ್ಷ."

ನಾಲ್ಕು ವರ್ಷ ಈ ಹುಡುಗಿ ಹಗಲೆಲ್ಲ ನನ್ನ ಮಾತು ಕೇಳಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಕಿವಿಯೊಳಗೆ ಮತ್ತೆ ನನ್ನನ್ನೇ ಕೇಳಿದ್ದಾಳೆ.

ಆಗ ಮುಕುಂದ, ಬೆಳಗಿನಿಂದ ತುಟಿ ಬಿಚ್ಚದವನು, ಕನ್ನಡಕ ತೆಗೆದು ಒರೆಸುತ್ತ ಅಂದ: "ಆ ಕಿಟಕಿ ಹತ್ರದ ಹುಡುಗಿ ಚೆನ್ನಾಗಿ ಮಾಡಿದಾಳೆ."

ಮಂದಾರ ತಲೆ ಎತ್ತಿ ಅವನನ್ನು ನೋಡಿದಳು. ವಿಶಾಲಮ್ಮ ಅವಳ ಹತ್ತಿರ ಸರಿದು ಕೂತರು. "ಮಗೂ, ಇಷ್ಟೊತ್ತು ನಿಮ್ಮತ್ತೆ ಹೇಳಿದ್ದು ಕೇಳಿದ್ವಿ. ಒಂದು ಬಸ್ಸು ತುಂಬ. ಈಗ ನೀನು ಹೇಳು. ನಿಂಗೇನು ಬೇಕು?"

ಅವಳ ಪರವಾಗಿ ಉತ್ತರ ನನ್ನ ಬಾಯಿಗೆ ಬಂದಾಗಿತ್ತು. ಅವಳಿಗೆ ಹುಡುಗ ಒಪ್ಪಿಗೆ, ಸ್ವಲ್ಪ ನಾಚಿಕೆ, ಚಿಕ್ಕಂದಿನಿಂದ ಹಾಗೇ, ಎಂದು. ಹೇಳಿಯೇಬಿಡುತ್ತಿದ್ದೆ. ಏನು ಮಾಡುವುದೆಂದು ತೋಚದೆ, ಸೆರಗಿಗೆ ಚುಚ್ಚಿಕೊಂಡಿದ್ದ ಗುಂಡುಪಿನ್ನು ಎರಡನ್ನು ಕಿತ್ತು ತುಟಿಗಳ ನಡುವೆ ಕಚ್ಚಿ ಹಿಡಿದೆ. ಫಾಲ್ ಹಚ್ಚುವಾಗ ಹಿಡಿಯುತ್ತೇನಲ್ಲ, ಹಾಗೆ. ಪಿನ್ನು ಬಾಯಲ್ಲಿದ್ದರೆ ಮಾತನಾಡಲಾಗದು.

ಮಂದಾರ ಸೆರಗಿನ ಅಂಚು ಮಡಚಿದಳು, ಬಿಚ್ಚಿದಳು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಬಂದಳು, ಕೂಗಿಕೊಂಡು ಹೋದಳು. ಬೀದಿಯ ಆ ತುದಿ ತಲುಪಿದಳು. ಪುಟ್ಟರಂಗಣ್ಣ ಗಂಟಲು ಸರಿಮಾಡಿಕೊಂಡ. ನಾನು ಪಿನ್ನನ್ನು ಇನ್ನೂ ಗಟ್ಟಿಯಾಗಿ ಕಚ್ಚಿದೆ. ಒಬ್ಬರ ಮಾತಿಗೆ ಇಷ್ಟು ಹೊತ್ತು ಕಾಯಬಹುದು ಎಂಬುದೇ ನನಗೆ ತಿಳಿದಿರಲಿಲ್ಲ.

"ಐಸ್ ಫ್ಯಾಕ್ಟರಿಯವರು ಬೇಡ," ಅಂದಳು ಮಂದಾರ. ಅವಳ ದನಿ ನನ್ನ ನೆನಪಿಗಿಂತ ದಪ್ಪವಾಗಿತ್ತು. "ಯಾವತ್ತೂ ಬೇಡ ಇತ್ತು. ಇವರು ಬೇಕೋ ಬೇಡ್ವೋ ನಂಗೆ ಗೊತ್ತಿಲ್ಲ. ಮೂರು ಸಲ ಅಂಗಡಿಗೆ ಹೋದೆ, ಮೂರು ಸಲಾನೂ ಇವರು ಏನಾದ್ರೂ ಕೇಳಿ, ನಾನು ಹೇಳೋವರೆಗೆ ಸುಮ್ನಿದ್ರು. ಅದಕ್ಕೇ ಮತ್ತೆ ಮತ್ತೆ ಹೋದೆ. ಅಷ್ಟಕ್ಕೇ ಮದುವೆ ಆಗೋಕಾಗುತ್ತಾ?"

ಮುಕುಂದ ಇಲ್ಲ ಎನ್ನುವಂತೆ ತಲೆ ಆಡಿಸಿ, ಆಮೇಲೆ ಹೌದು ಎನ್ನುವಂತೆಯೂ ಆಡಿಸಿದ.

"ಅತ್ತೆ, ಅವರ ಪ್ಲೇಯರಿಗೆ ಹಳೇ ಸಾಫ್ಟ್‌ವೇರ್ ಹಾಕ್ಕೊಡಿ. ಹನ್ನೊಂದು ವಾರ ಅಂದ್ರಲ್ಲ. ವಾರಕ್ಕೆ ಮೂರು ದಿನ ನಾನೂ ಹೋಗಿ ಅಲ್ಲಿ ಕೂತ್ಕೋತೀನಿ, ಸಿನಿಮಾ ನೋಡ್ತೀನಿ, ಅವರ ಜೊತೆ ಮಾತಾಡ್ತೀನಿ. ಆ ಮನೇಲಿ ನನ್ನ ದನಿ ಯಾರಿಗೆ ಸಿಗುತ್ತೆ ನೋಡೋಣ. ಸಿಗದೇನೂ ಹೋಗ್ಬಹುದು. ಆಮೇಲೆ ಹೇಳ್ತೀನಿ. ಪುಟ್ಟರಂಗಣ್ಣ ಬಂದು ಕೇಳೋದು ಬೇಡ, ನಾನೇ ಕೇಳ್ತೀನಿ."

"ಇಂಥ ಪದ್ಧತಿ..." ಎಂದು ಪುಟ್ಟರಂಗಣ್ಣ ಶುರು ಮಾಡಿದ.

"ಇವತ್ತಿಂದ ಇದೆ," ಅಂದರು ವಿಶಾಲಮ್ಮ. ಆಮೇಲೆ ನನ್ನ ಕಡೆ ನೋಡಿ ಬೆಚ್ಚಿದರು. "ಅಯ್ಯೋ, ಪಿನ್ನು ತೆಗೀರಿ ಅಂಬುಜಕ್ಕ, ನುಂಗಿಗಿಂಗೀರಿ!"

ಅಂದು ಸಂಜೆಯೇ ಹೋಗಿ ಸಾಫ್ಟ್‌ವೇರ್ ಬದಲಾಯಿಸಿ ಬಂದೆ. ಶುಕ್ರವಾರ ಹಲಗೆ ಒರೆಸಿ ಬರೆದೆ: "ಶುದ್ಧಧ್ವನಿ. ಚಿತ್ರಕ್ಕೆ ಕೊಟ್ಟ ಐದು ಹುಕ್ಕು ಈಗಲೂ ಸರಿ. ಆದರೆ ಬೀಗರು ಬರುವ ಮುಂಚೆ ಹಾಕಬೇಡಿ. ಕಣ್ಣು ಮುಚ್ಚಿ ಹಾಕಿಸಿಕೊಳ್ಳಿ ಎಂದು ಬರೆದದ್ದು ತಪ್ಪು." ಅದರ ಕೆಳಗೆ ಇನ್ನೊಂದು ಸಾಲು: "ಹಸಿರು ಪ್ಲೇಯರನ್ನು ಎರಡು ತಿಂಗಳು ನೋಡಿ ಕಿವುಡು ಎಂದಿದ್ದೆ. ಕಿವುಡು ಅದಲ್ಲ."

ಆ ವಾರಗಳಲ್ಲಿ ನಾನು ಒಂದು ಅಭ್ಯಾಸ ಹಾಕಿಕೊಂಡೆ. ಮಂದಾರಳಿಗೆ ಒಂದು ಪ್ರಶ್ನೆ ಕೇಳುವುದು, ಪಿನ್ನು ಕಚ್ಚುವುದು. ಮೊದಲ ದಿನಗಳಲ್ಲಿ ಅವಳಿಗೇ ನಗು ಬರುತ್ತಿತ್ತು. ಎರಡನೇ ವಾರ ಗೊತ್ತಾಯಿತು, ಅವಳಿಗೆ ಶುಂಠಿ ಹಾಕಿದ ಟೀ ಹಿಡಿಸುವುದಿಲ್ಲ. ಇಪ್ಪತ್ತು ವರ್ಷ ಕುಡಿದಿದ್ದಾಳೆ. ನಾಲ್ಕನೇ ವಾರ ಗೊತ್ತಾಯಿತು, ಕಪ್ಪೆಯೊಳಗೆ ಡಿಸ್ಕು ಓದುವ ಕಣ್ಣು ಎರಡು ಸಲ ಕೆಟ್ಟಿತ್ತಂತೆ, ಬಿಚ್ಚಿ ಹತ್ತಿಯಿಂದ ಒರೆಸಿ ಸರಿಮಾಡಿದ್ದು ಅವಳೇ. ನನ್ನ ಸ್ಕ್ರೂಡ್ರೈವರಿನಿಂದ, ನಾನು ಅಂಗಡಿಯಲ್ಲಿ ಗಿರಾಕಿಗಳಿಗೆ ಯಂತ್ರದ ವಿಷಯ ವಿವರಿಸುತ್ತಿದ್ದಾಗ. ಆರನೇ ವಾರ ಬೇಯಿಸಿದ ಗೆಣಸು ಸುಲಿಯುತ್ತ ಅಂದಳು: "ಆ ಎರಡು ಡಿಸ್ಕಿನ ಸಿನಿಮಾಕ್ಕೆ ಒಂದೂವರೆ ಕೊಟ್ರಲ್ಲ ಅತ್ತೆ, ಅದು ತಪ್ಪು. ವಂದನೆ ಮುಗಿದ ಮೇಲೆ ಹಾಡಿನ ರಿಹರ್ಸಲ್ ಇದೆ, ಇಪ್ಪತ್ತು ನಿಮಿಷ. ನಾಯಕಿ ತಾನೇ ಹಾಡ್ತಾಳೆ, ಶ್ರುತಿ ತಪ್ಪಿ ನಗ್ತಾಳೆ. ಇಡೀ ಸಿನಿಮಾಗಿಂತ ಅದೇ ಚೆನ್ನಾಗಿದೆ. ನೀವು ಅರ್ಧಕ್ಕೇ ನಿಲ್ಲಿಸಿದ್ರಿ."

ಹಾಕಿ ನೋಡಿದೆ. ಇತ್ತು. ಆ ಶುಕ್ರವಾರ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ. "ನಾಲ್ಕು ಹುಕ್ಕು. ಕೊನೆಯವರೆಗೆ ನೋಡಿ" ಎಂದಷ್ಟೇ ಬರೆದಳು. ನಾನಾಗಿದ್ದರೆ ಹಲಗೆ ತುಂಬಿಸುತ್ತಿದ್ದೆ. ಜನ ಅವಳ ಎರಡು ಸಾಲು ಓದಿ ಒಳಗೆ ಬಂದು, "ಕೊನೇಲಿ ಏನಿದೆ?" ಎಂದು ಕೇಳಲು ಶುರುಮಾಡಿದರು.

ಹನ್ನೊಂದನೇ ವಾರದ ಭಾನುವಾರ ಅವಳು ಕನ್ನಡಕದವರ ಮನೆಯಿಂದ ಬರುವಾಗ ನಾನು ಒಂದು ರೇಷ್ಮೆ ಸೀರೆಗೆ ಫಾಲ್ ಹಚ್ಚುತ್ತಿದ್ದೆ. ಬಾಯಲ್ಲಿ ಪಿನ್ನುಗಳಿದ್ದುದೇ ಒಳ್ಳೆಯದಾಯಿತು. ಅವಳು ಚಪ್ಪಲಿ ಬಿಟ್ಟು, ಸ್ಟೂಲಿನ ಮೇಲೆ ಕೂತು, ಉಸಿರು ತೆಗೆದುಕೊಂಡಳು.

"ಬಂತು ಅತ್ತೆ."

ಹುಬ್ಬಿನಲ್ಲೇ ಕೇಳಿದೆ, ಯಾರಿಗೆ?

"ವಕೀಲೆಗೆ. ಮೀಸೆಯವನು ವಿಶಾಲಮ್ಮನೋರೇ, ಅದೇನೂ ಬದಲಾಗಿಲ್ಲ. ನಾನು ಎದ್ದು ನಿಂತು ಅವರ ಎದುರಿಗೆ ಎರಡು ಪುಟ ವಾದ ಮಾಡ್ದೆ. ಎರಡು ಪುಟ ಅತ್ತೆ! ವಿಶಾಲಮ್ಮ ಕೇಳಿ ಕೇಳಿ ನಕ್ಕು, ಇನ್ನೊಂದ್ಸಲ ಹಾಕು ಅಂದ್ರು." ಅವಳ ಕಣ್ಣು ತುಂಬಿತ್ತು, ಆದರೆ ಮಾತು ನಿಲ್ಲಲಿಲ್ಲ. "ನಂಗೆ ಒಪ್ಪಿಗೆ. ಹೇಳಿ ಬಂದೆ. ಆಷಾಢ ಕಳೀಲಿ ಅಂತಾನೂ ನಾನೇ ಹೇಳಿ ಬಂದೆ."

ನಾನು ಪಿನ್ನು ತೆಗೆದು ಡಬ್ಬಿಗೆ ಹಾಕಿದೆ. ಎಷ್ಟೋ ಹೇಳಬೇಕೆನಿಸಿತು. ಅವಳ ಕೆನ್ನೆ ಸವರಿದೆ, ಅಷ್ಟೇ. ಇಪ್ಪತ್ತು ವರ್ಷ ಸಾಕಿದ ಮನೆಯಲ್ಲಿ ಒಂದು ಹೂಂ ಸಿಕ್ಕಿತ್ತು, ಹನ್ನೊಂದು ವಾರ ಕೂತ ಮನೆಯಲ್ಲಿ ಎರಡು ಪುಟ. ಯಾರಿಗೆ ಹೇಳಿ ಏನು ಮಾಡಲಿ? ಆ ಮನೆಗೆ ಐದು ಹುಕ್ಕು, ಕಣ್ಣು ತೆರೆದೇ ಕೊಡುತ್ತೇನೆ.

"ಟೀ ಮಾಡ್ಲಾ?" ಅಂದೆ. ಆಮೇಲೆ ಕಾದೆ.

"ಮಾಡಿ. ಶುಂಠಿ ಬೇಡ." ಅವಳು ಎದ್ದು ಕಪ್ಪೆಯನ್ನು ನಡುಮನೆಗೆ ತಂದಿಟ್ಟಳು. "ಬನ್ನಿ, ಇಲ್ಲೂ ಒಂದ್ಸಲ ಕೇಳೋಣ. ಆವತ್ತಿಂದ ಹಾಕೇ ಇಲ್ಲ."

ಇಬ್ಬರೂ ಟೀ ಹಿಡಿದು ಚಾಪೆಯ ಮೇಲೆ ಕೂತೆವು. ಬಸ್ಸು ಹೊರಟಿತು. ಡ್ರೈವರು ನಾನೇ, ಟಿಫಿನ್ ಕ್ಯಾರಿಯರಿನವಳು ನಾನೇ, ಕೋಳಿಯವಳು ನಾನೇ. ನನಗೆ ನಾಚಿಕೆಯಾಗಿ ಲೋಟದೊಳಗೆ ನೋಡುತ್ತಿದ್ದೆ. ಆರು ವರ್ಷದ್ದು ಹನ್ನೊಂದು ವಾರಕ್ಕೆ ಹೋದೀತೇ? ಅಷ್ಟರಲ್ಲಿ ಟಿಕೆಟ್ಟಿನ ಚೀಲ ಏರಿಸಿಕೊಂಡು ಕಂಡಕ್ಟರು ಕಿಟಕಿಯ ಹುಡುಗಿಯ ಹತ್ತಿರ ಬಂದ. ಬಂದು ಮಂದಾರಳ ದನಿಯಲ್ಲಿ ಕೇಳಿದ:

"ಎಲ್ಲಿ ಇಳೀಬೇಕು ಅಂತ ಗೊತ್ತೇನಮ್ಮ ನಿಂಗೆ?"

ಕಿಟಕಿಯ ಪಕ್ಕದ ಹುಡುಗಿ ಹೊರಗಿನಿಂದ ಮುಖ ತಿರುಗಿಸಿದಳು.

"ಹೂಂ," ಅಂದೆ ನಾನು.